ನೆಟ್ಟಗೆ ನಿಲ್ಲಿಸಿದ ಸರಳುಗಳು

ಹೋದ ವರ್ಷ ನಮ್ಮ ಶಾಲೆಯ ಬೆಳ್ಳಿಹಬ್ಬಕ್ಕೆ ಒಂದು ಸ್ಮರಣ ಸಂಚಿಕೆ ಅಚ್ಚಾಯಿತು. ದಪ್ಪ ಕಾಗದ, ಹೊಳೆಯುವ ಹೊದಿಕೆ. ಆಟದ ಮೇಷ್ಟರಿಗೆ ಎರಡು ಪುಟ ಕೊಟ್ಟಿದ್ದಾರೆ, ಕೊಡಲಿ. ಹೊಸದಾಗಿ ಕಟ್ಟಿಸಿದ ನೀರಿನ ಟ್ಯಾಂಕಿಗೆ ಅರ್ಧ ಪುಟ, ಫೋಟೋ ಸಮೇತ. ಅದೇ ಶಾಲೆಯಲ್ಲಿ ತಲೆ ನೆರೆಯುವವರೆಗೆ ಭೂವಿಜ್ಞಾನ ಕಲಿಸಿದ, ಇನ್ನೂ ಕಲಿಸುತ್ತಿರುವ ನನ್ನ ಅಕ್ಕನಿಗೆ ಒಂದೇ ಒಂದು ಸಾಲು. ಸಂಚಿಕೆಯನ್ನು ಹಿಡಿದುಕೊಂಡು ನೇರ ಸಂಪಾದಕರ ಮನೆಗೆ ಹೋದೆ.

“ಜಾಗ ಇರಲಿಲ್ಲ ಸಾರ್,” ಅಂದರು.

“ಟ್ಯಾಂಕಿಗೆ ಇತ್ತಲ್ಲ?”

“ಟ್ಯಾಂಕು ದಾನಿಗಳು ಕೊಟ್ಟಿದ್ದು.”

“ನಮ್ಮಕ್ಕನ್ನ ನಮ್ಮಪ್ಪ ಅಮ್ಮ ಕೊಟ್ಟಿದ್ದು. ಅವರೇನು ಬಿಟ್ಟಿ ಕೊಟ್ರಾ?” ಎಂದು ಕೇಳಿ ಎದ್ದು ಬಂದೆ. ಚಹಾ ತಂದಿಟ್ಟಿದ್ದರು, ಕುಡಿಯಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಅವರು ಬರೆಯದಿದ್ದರೆ ನಾನೇ ಬರೆಯುತ್ತೇನೆ ಎಂದು ಕುಳಿತಿದ್ದೇನೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಪದ ಹೊಂದಿಸಿ ಬರೆಯಲು ಬಾರದು. ಆದರೆ ಶಾಲೆಯ ಗೇಟಿಗೆ ಎದುರಾಗಿಯೇ ನನ್ನ ವೆಲ್ಡಿಂಗ್ ಅಂಗಡಿ ಇದೆ. ಅಕ್ಕನ ಪಾಠ ಅರ್ಧ ಕೋಣೆಯಲ್ಲಿ, ಅರ್ಧ ಬಯಲಲ್ಲಿ ನಡೆಯುವುದರಿಂದ ನಾನು ಕಣ್ಣಾರೆ ಕಂಡದ್ದು ಸಾಕಷ್ಟಿದೆ.

ಚಿಕ್ಕಂದಿನಿಂದಲೂ ಅವಳದು ಅದೇ ಚಾಳಿ. ಮನೆ ಮುಂದಿನ ಚರಂಡಿಯ ಕೆಸರನ್ನು ಗಾಜಿನ ಸೀಸೆಗೆ ತುಂಬಿ, ನೀರು ಹಾಕಿ, ಕುಲುಕಿ ಕಿಟಕಿಯಲ್ಲಿ ಇಡುವಳು. ಬೆಳಗಾಗುವುದರೊಳಗೆ ಮರಳು ತಳಕ್ಕೆ, ಅದರ ಮೇಲೆ ನುಣ್ಣನೆಯ ಮಣ್ಣು, ಮೇಲೆ ತಿಳಿನೀರು. ಒಮ್ಮೆ ಅಪ್ಪ ಆ ತಿಳಿನೀರನ್ನು ಕುಡಿಯುವ ನೀರೆಂದೇ ಎತ್ತಿ ಬಾಯಿಗಿಡುವಷ್ಟರಲ್ಲಿ ಇವಳು ಕಿರುಚಿದಳು. ಕಿರುಚಿದ್ದು ಅಪ್ಪನ ಹೊಟ್ಟೆಯ ಚಿಂತೆಗಲ್ಲ, ಪದರ ಕದಡಿಹೋಗುತ್ತದೆ ಎಂದು. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: “ಇವಳನ್ನ ಕಟ್ಟಿಕೊಳ್ಳೋನು ಮಡಕೆ ಮಾಡೋನೇ ಆಗಿರಬೇಕು, ಇಲ್ಲದಿದ್ರೆ ಸಂಸಾರ ಸಾಗಲ್ಲ.” ಕಟ್ಟಿಕೊಂಡವರು ಬಸ್ ಕಂಡಕ್ಟರ್. ನಮ್ಮ ಭಾವ ಚಿಲ್ಲರೆಯ ವಿಚಾರ ಬಿಟ್ಟರೆ ಬೇರಾವುದಕ್ಕೂ ಜಗಳವಾಡದ ಮನುಷ್ಯ. ಅಡುಗೆಮನೆಯ ಡಬ್ಬಿಗಳಲ್ಲಿ ಬೇಳೆ ಯಾವುದು, ಜಲ್ಲಿಕಲ್ಲು ಯಾವುದು ಎಂದು ಮೂಸಿ ನೋಡಿ ತೆಗೆಯುವ ಅಭ್ಯಾಸ ಅವರಿಗೆ ಬಂದುಬಿಟ್ಟಿದೆ.

ಮಕ್ಕಳು ಅವಳಿಗಿಟ್ಟ ಹೆಸರು ‘ಹೇಗ್ಗೊತ್ತು ಮೇಡಂ’. ಹೈಸ್ಕೂಲಿನ ಮೇಲಿನ ತರಗತಿಗೆ ಬಂದ ಮಕ್ಕಳಿಗೆ ಮೊದಲ ದಿನ ಅವಳು ಪುಸ್ತಕ ತೆರೆಯುವುದಿಲ್ಲ. ಒಂದು ಕಲ್ಲು ತಂದು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ನೋಡಿದ್ದನ್ನು ಹೇಳಬೇಕು. ಒಂದು ಸಲ ನಾನು ಅವಳ ಕೋಣೆಯ ಕಿಟಕಿಗೆ ಸರಳು ಕೂರಿಸುತ್ತಿದ್ದಾಗ ನಡೆದದ್ದು ಇದು.

“ನದೀ ಕಲ್ಲು ಮೇಡಂ,” ಅಂದ ಒಬ್ಬ.

“ನದಿ ಕಾಣ್ತಿದೆಯಾ?”

“ಇಲ್ಲ.”

“ಮತ್ತೆ ಏನು ಕಾಣ್ತಿದೆ?”

“ನುಣ್ಣಗಿದೆ. ಗುಂಡಗಿದೆ.”

“ಹಾಂ. ಅದು ಕಂಡದ್ದು. ನದಿ ಅನ್ನೋದು ನೀನು ಸೇರಿಸಿದ್ದು. ಸೇರಿಸು, ತಪ್ಪಿಲ್ಲ. ಆದರೆ ಸೇರಿಸ್ತಿದ್ದೀನಿ ಅಂತ ನಿನಗೆ ಗೊತ್ತಿರಲಿ.”

ನಾನು ಕಿಟಕಿಯಾಚೆಯಿಂದಲೇ ಬಾಯಿ ಹಾಕಿದೆ: “ಅಕ್ಕ, ಅದು ನದೀದೇ. ಎಳೇ ಮಗೂಗೂ ಗೊತ್ತು.”

“ಆಯ್ತಪ್ಪಾ. ನಿನಗೆ ಹೇಗೆ ಗೊತ್ತು?”

ಇಡೀ ಕ್ಲಾಸು ನಕ್ಕಿತು. ನನಗೆ ಮೈ ಉರಿದುಹೋಯಿತು. ಆ ಕಲ್ಲು ಹಳೆಯ ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಉಜ್ಜಿ ಉಜ್ಜಿ ನುಣ್ಣಗಾದದ್ದಂತೆ. ಅವಳೇ ಅಲ್ಲಿಂದ ಎತ್ತಿ ತಂದಿದ್ದಳು. ಮಕ್ಕಳಿಗೆ ಅದನ್ನು ವಾರವಿಡೀ ಹೇಳಲಿಲ್ಲ, ನನಗೂ ಹೇಳಲಿಲ್ಲ.

ಶನಿವಾರದ ಕೊನೆಯ ಪಿರಿಯಡ್ಡು ಅವಳ ಜೀವ. ಆ ಹೊತ್ತಿನಲ್ಲಿ ಪುಸ್ತಕ ಮುಚ್ಚಿ ಎಲ್ಲರೂ ಹೊರಗೆ. ಪ್ರಿನ್ಸಿಪಾಲರು ಅದನ್ನು ‘ಮಣ್ಣಾಟದ ಪಿರಿಯಡ್’ ಎಂದು ಕರೆಯುತ್ತಿದ್ದರು. ಹತ್ತು ಹನ್ನೆರಡು ವರ್ಷಗಳ ಹಿಂದೆ ಅದರ ಮೇಲೆ ಅವರ ಕಣ್ಣು ಬಿತ್ತು. ಪರೀಕ್ಷೆಯ ಹಳೆಯ ಪ್ರಶ್ನೆಗಳಿಗೆ ಉತ್ತರ ಬರೆಸಲು ಆ ಹೊತ್ತು ಬೇಕಂತೆ. ಅಕ್ಕ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಪ್ರಿನ್ಸಿಪಾಲರು, “ಮಳೆ ಮುಗಿದ ಮೇಲೆ ಇಲಾಖೆಯಿಂದ ಸಾಹೇಬರು ತನಿಖೆಗೆ ಬರ್ತಾರೆ ಮೇಡಂ. ಅವರಿಗೇ ತೋರಿಸಿ. ಇರಲಿ ಅಂದ್ರೆ ಇರಲಿ, ಬೇಡ ಅಂದ್ರೆ ನನ್ನನ್ನ ಕೇಳ್ಬೇಡಿ,” ಅಂದರು.

ಅವತ್ತು ಸಂಜೆ ಅಂಗಡಿಗೆ ಬಂದು ಅಕ್ಕ ಸ್ಟೂಲಿನ ಮೇಲೆ ಕುಳಿತಳು. “ಆ ಪಿರಿಯಡ್ ಹೋದ್ರೆ ನಾನು ಪುಸ್ತಕ ಓದಿ ಹೇಳೋ ರೇಡಿಯೋ ಆಗ್ತೀನಿ ಕಣೋ. ರೇಡಿಯೋನ ಬೇಕಾದ್ರೆ ಆರಿಸ್ಬಹುದು. ನನ್ನ ಆರಿಸೋಕೂ ಆಗಲ್ಲ, ಪಾಪ ಮಕ್ಕಳಿಗೆ.” ನಗುತ್ತಲೇ ಹೇಳಿದಳು. ಆದರೆ ಸ್ಟೂಲಿನ ಮೇಲೆ ಕಬ್ಬಿಣದ ಪುಡಿ ಇದ್ದದ್ದನ್ನು ನೋಡದೆ ಕುಳಿತಿದ್ದಳು. ನೋಡದೆ ಕೂರುವ ಹೆಂಗಸಲ್ಲ ಅವಳು.

ಆ ವರ್ಷದ ಮಕ್ಕಳು ಹಿಡಿದಿದ್ದ ಪ್ರಶ್ನೆ ಶಾಲೆಯ ಬೆನ್ನಿಗೇ ಇತ್ತು. ಕಟ್ಟಡದ ಹಿಂದೆ ಒಂದು ಇಳಿಜಾರು ದಿಬ್ಬ. ಅದರ ಮೇಲಿನ ಬೇಲಿಯ ಕಲ್ಲುಕಂಬಗಳೆಲ್ಲ ಶಾಲೆಯ ಕಡೆಗೇ ವಾಲಿವೆ. ಯಾಕೆ? ಕ್ಲಾಸು ಎರಡು ಪಾರ್ಟಿಯಾಯಿತು. ದಿಬ್ಬದ ಮೇಲಿನ ಮನೆಗಳ ಆಡುಗಳು ಬಂದು ಮೈ ಉಜ್ಜಿ ಉಜ್ಜಿ ವಾಲಿಸಿವೆ ಎಂದು ಒಂದು ಪಾರ್ಟಿ. ಅದರ ಮುಖಂಡ ಒಬ್ಬ ಕುಳ್ಳ ಹುಡುಗ, ಅವನ ಮನೆಯಲ್ಲೇ ಆಡುಗಳಿದ್ದವು. ಅವನಿಗೆ ‘ಆಡಣ್ಣ’ ಎಂದೇ ಹೆಸರು ಬಿತ್ತು. ಇನ್ನೊಂದು ಪಾರ್ಟಿ, ದಿಬ್ಬದ ಮಣ್ಣೇ ಮೆಲ್ಲಗೆ ಕೆಳಗೆ ಜರುಗುತ್ತಿದೆ ಎಂದಿತು. ಅದರ ಮುಂದಾಳು ಒಬ್ಬಳು ಎತ್ತರದ ಹುಡುಗಿ. ವಾದ ಹೂಡಿದರೆ ಬಿಡುವವಳಲ್ಲ, ಅದಕ್ಕೇ ಅವಳು ‘ಲಾಯರ್’.

ಅಕ್ಕ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಜಗಳ ಹತ್ತಿದ ಮೇಲೆ ಬಿಡಿಸುವ ಬದಲು, “ಯಾರದು ಸರಿ ಅಂತ ಆ ದಿಬ್ಬಾನೇ ಹೇಳೋ ಹಾಗೆ ಏನಾದ್ರೂ ಹೂಡಿ,” ಅಂದಳು. ಮಕ್ಕಳು ಹೂಡಿದರು. ದಿಬ್ಬದ ಮೇಲೆ ಕಬ್ಬಿಣದ ಸರಳುಗಳನ್ನು ನೆಟ್ಟಗೆ ನೆಡುವುದು. ಅವುಗಳಲ್ಲಿ ಅರ್ಧಕ್ಕೆ ಆಡು ಹತ್ತಿರ ಬರದಂತೆ ಸುತ್ತ ಮುಳ್ಳಿನ ಬೇಲಿ. ಇನ್ನಷ್ಟು ಸರಳುಗಳನ್ನು ಕೆಳಗಿನ ಸಮತಟ್ಟು ನೆಲದಲ್ಲಿ ಬೇಲಿಯಿಲ್ಲದೆ ನೆಡುವುದು. ಅಲ್ಲಿಯೂ ಆಡುಗಳು ಓಡಾಡುತ್ತವೆ. ಆಡಿನ ಕೆಲಸವಾದರೆ ಸಮತಟ್ಟಿನವೂ ವಾಲಬೇಕು, ಬೇಲಿಯ ಒಳಗಿನವು ವಾಲಬಾರದು. ಮಣ್ಣಿನ ಕೆಲಸವಾದರೆ ಅದಕ್ಕೆ ಉಲ್ಟಾ. ಸರಳು ಮಾಡಿಕೊಟ್ಟವನು ನಾನು. ಪ್ರತಿಯೊಂದರ ತಲೆಗೂ ಕೊಕ್ಕೆ ಬೆಸೆದೆ. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರದಲ್ಲಿ ಇಳಿಬಿಡುವ ತೂಗುಗುಂಡನ್ನು ಆ ಕೊಕ್ಕೆಗೆ ಕಟ್ಟಿದರೆ ಸರಳು ಎಷ್ಟು ವಾಲಿದೆ ಎಂದು ಅಳೆಯಬಹುದು.

ಮಳೆ ಹಿಡಿಯುವ ಮೊದಲೇ ಎಲ್ಲವನ್ನೂ ಗುಂಡು ಬಿಟ್ಟು ನೆಟ್ಟಗೆ ನೆಟ್ಟರು. ಮಳೆಯಲ್ಲಿ ದಿಬ್ಬ ಜಾರುತ್ತದೆ, ಯಾರೂ ಹತ್ತಕೂಡದೆಂದು ಪ್ರಿನ್ಸಿಪಾಲರ ಕಟ್ಟಪ್ಪಣೆ. ಹಾಗಾಗಿ ನಡುವೆ ಅಳತೆಯಿಲ್ಲ. ಸಾಹೇಬರು ಬಂದ ದಿನ ಅವರ ಎದುರಿಗೇ ಒಂದೇ ಅಳತೆ ಎಂದು ತೀರ್ಮಾನವಾಯಿತು. ಮಕ್ಕಳು ಮಳೆಗಾಲವಿಡೀ ಕಿಟಕಿಗೆ ಮೂಗು ಒತ್ತಿಕೊಂಡು ಕಳೆದರು.

ಆ ದಿನ ಬೆಳಿಗ್ಗೆ ನಾನೂ ಅಲ್ಲಿದ್ದೆ. ಶಾಲೆಯ ಗೇಟಿನ ತಿರುಗಣಿ ಕಿತ್ತುಹೋಗಿತ್ತು, ಸಾಹೇಬರ ಕಾರು ಬರುವುದರೊಳಗೆ ಬೆಸೆಯಬೇಕಿತ್ತು. ಶಾಲೆಯ ಹಿಂದಿನಿಂದ ಲಾಯರ್ ಹುಡುಗಿ ಓಡಿ ಬಂದು ಅಕ್ಕನನ್ನು, “ಮೇಡಂ, ಬೇಗ ಬನ್ನಿ!” ಎಂದು ಕೂಗಿದಳು. ಬೆಸುಗೆಯ ಕಡ್ಡಿ ಅಲ್ಲೇ ಬಿಸುಟು ನಾನೂ ಅಕ್ಕನ ಹಿಂದೆಯೇ ಹೋದೆ.

ದಿಬ್ಬದ ಮೇಲಿನ ಸರಳುಗಳೆಲ್ಲ ಪರೇಡಿಗೆ ನಿಂತ ಹಾಗೆ ನೆಟ್ಟಗಿದ್ದವು. ಮೈಗೆಲ್ಲ ಬಿಳಿ ಸುಣ್ಣ. ಮುಳ್ಳಿನ ಬೇಲಿ ಕಿತ್ತು ಮೂಲೆಯಲ್ಲಿ ಒಟ್ಟಿತ್ತು. ಪಕ್ಕದಲ್ಲಿ ಸುಣ್ಣದ ಬಕೆಟ್ ಹಿಡಿದು ಶಾಲೆಯ ಕಾವಲುಗಾರ ನಿಂತಿದ್ದ. ಅವನನ್ನು ಎಲ್ಲರೂ ಮಿಲಿಟರಿ ಎನ್ನುತ್ತಾರೆ. ಸೈನ್ಯದ ಮುಖ ಕಂಡವನಲ್ಲ. ಆದರೆ ಹೂಕುಂಡ, ಬೆಂಚು, ಚಪ್ಪಲಿ, ಏನೇ ಕಂಡರೂ ಸಾಲು ಹೊಂದಿಸದೆ ಬಿಡುವವನಲ್ಲ. ಶಾಲೆಗೆ ದೊಡ್ಡವರು ಬರುತ್ತಾರೆಂದರೆ ಮರದ ಬುಡಕ್ಕೂ ಸುಣ್ಣ, ಕಲ್ಲಿಗೂ ಸುಣ್ಣ.

“ಎಲ್ಲಾ ಸೊಟ್ಟಸೊಟ್ಟ ನಿಂತಿದ್ವು ಮೇಡಂ,” ಅಂದ ಸೆಲ್ಯೂಟ್ ಹೊಡೆದು. “ಸಾಹೇಬ್ರು ಏನಂದ್ಕೊಳ್ತಾರೆ? ನಿನ್ನೆ ಸಂಜೆ ಒಂದೊಂದನ್ನೂ ಎಳೆದು ಸರಿ ಮಾಡಿದೆ. ನಿಮ್ಮ ಗುಂಡು ಬಿಟ್ಟೇ ನೋಡ್ದೆ, ಒಂದು ಕೂದಲೂ ಆಚೀಚೆ ಇಲ್ಲ.”

ನನ್ನ ಸಿಟ್ಟು ನೆತ್ತಿಗೇರಿತು. “ನಿನ್ನ ಕೈ ಮುರಿಯಾ! ಯಾರು ಹೇಳಿದ್ರು ನಿನಗೆ ಮುಟ್ಟು ಅಂತ?” ಎಂದು ಮುಂದೆ ನುಗ್ಗಿದೆ. ಅಕ್ಕ ತಿರುಗಿ ಕೂಡ ನೋಡದೆ ನನ್ನ ಅಂಗಿಯ ಚುಂಗು ಹಿಡಿದಳು. “ನೀನು ಹೋಗಿ ಗೇಟು ನೋಡು.” ನಾನು ಹೋಗಲಿಲ್ಲ, ಅದು ಬೇರೆ ಮಾತು.

ಮಿಲಿಟರಿಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಕೆಟ್ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕುಳಿತ. ಸುಣ್ಣ ತಲೆಗೂ ಆಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರೂ ಬಂದರು. ಎರಡು ನಿಮಿಷದಲ್ಲಿ ವಿಷಯ ತಿಳಿದುಕೊಂಡು, “ಅಷ್ಟೇ ತಾನೇ? ಕಿಟಕೀಲಿ ದಿನಾ ನೋಡಿದ್ದೀರಲ್ಲ. ಒಂದು ಅಂದಾಜು ಬರೆದುಬಿಡಿ. ಸಾಹೇಬರೇನು ಅಗೆದು ನೋಡ್ತಾರಾ?” ಅಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಎನಿಸಿತ್ತು. ಲಾಯರ್ ಹುಡುಗಿಯೂ ಕಣ್ಣೊರೆಸಿಕೊಂಡು, “ಬೇಲಿ ಒಳಗಿನವೂ ವಾಲಿದ್ದವು ಮೇಡಂ, ನಾನೇ ಕಿಟಕಿಯಿಂದ ನೋಡಿದ್ದೀನಿ. ಎರಡು ಬೆರಳು ಅಂತ ಬರೀಲಾ?” ಎಂದು ಕೇಳಿದಳು. ಅವಳ ಪಾರ್ಟಿ ಗೆಲ್ಲುತ್ತಿತ್ತು, ಅಕ್ಕನ ಪಿರಿಯಡ್ಡೂ ಉಳಿಯುತ್ತಿತ್ತು.

ಅಕ್ಕ ಅವಳ ಹೆಗಲ ಮೇಲೆ ಕೈಯಿಟ್ಟಳು. “ಬರೆದ್ರೆ ಇವತ್ತು ನನ್ನ ಪಿರಿಯಡ್ ಉಳಿಯುತ್ತೆ ಪುಟ್ಟಾ. ಆದರೆ ಅದರಲ್ಲಿ ನಾನು ನಿಮಗೆ ಕಲಿಸೋಕೆ ಏನೂ ಉಳಿಯಲ್ಲ. ಅಳೀಲಿಲ್ಲ ಅಂದ್ರೆ ಅಳೀಲಿಲ್ಲ ಅಂತಲೇ ಹೇಳು.”

ಸಾಹೇಬರು ಬಂದರು. ತೆಳ್ಳನೆಯ ಮನುಷ್ಯ, ಹೊಳೆಯುವ ಬೂಟು. ದಿಬ್ಬದ ಬುಡದಲ್ಲಿ ನಿಂತು ಕೇಳಿದರು: “ಏನಮ್ಮಾ, ಯಾವುದು ಸರಿ? ಆಡೋ, ಮಣ್ಣೋ?”

“ಗೊತ್ತಿಲ್ಲ ಸರ್,” ಅಂದಳು ಲಾಯರ್.

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಸಾಹೇಬರು ಹುಬ್ಬೇರಿಸಿದರು. “ಇಷ್ಟು ತಿಂಗಳು ಏನು ಮಾಡಿದ್ರಿ ಹಾಗಾದ್ರೆ?”

ಅವಳು ಒಂದೂ ಬಿಡದೆ ಹೇಳಿದಳು. ಹೂಡಿದ್ದು, ಕಾದದ್ದು, ಸುಣ್ಣ ಹಚ್ಚಿದ್ದು. ಸಾಹೇಬರು ಮಿಲಿಟರಿಯ ಕಡೆ ತಿರುಗುವಷ್ಟರಲ್ಲಿ ಆಡಣ್ಣ ಅವರಿಗಿಂತ ಮೊದಲು ಅವನ ಪಕ್ಕ ಹೋಗಿ ಕುಕ್ಕುರುಗಾಲಲ್ಲಿ ಕುಳಿತಿದ್ದ.

“ಅಣ್ಣಾ, ಬೈಯಲ್ಲ, ಹೇಳು. ಕೆಳಗಡೆ ಸಮತಟ್ಟಲ್ಲಿ ಇರೋವನ್ನೂ ಎಳೆದ್ಯಾ?”

“ಅವು ನೆಟ್ಟಗೇ ಇದ್ವಲ್ಲಪ್ಪಾ. ಬರೀ ಸುಣ್ಣ ಹಚ್ದೆ.”

“ಬೇಲಿ ಒಳಗಿನವು?”

“ಅವೂ ಸೊಟ್ಟ. ಅದಕ್ಕೇ ಅಲ್ವಾ ಬೇಲಿ ಕಿತ್ತಿದ್ದು?”

ಮಣ್ಣಿನ ಪಾರ್ಟಿಯವರು ಹೋ ಎಂದರು. ಅಕ್ಕ ಕೈಯೆತ್ತಿದಳು. “ಅಣ್ಣ ನೋಡಿದ್ದು ಸಾಕ್ಷಿ. ಅಣ್ಣ ಅಳೆದಿಲ್ಲ. ಸಾಕ್ಷಿಗೆ ಜೊತೆ ಹುಡುಕಿ.”

ಎಲ್ಲರೂ ದಿಬ್ಬಕ್ಕೆ ಮುತ್ತಿಗೆ ಹಾಕಿದರು. ಸಾಹೇಬರು ಕೂಡ ಬೂಟು ಕೆಸರಾಗುವುದನ್ನು ಲೆಕ್ಕಿಸದೆ ಹತ್ತಿದರು. ಲಾಯರ್ ಹುಡುಗಿ ಒಂದು ಸರಳಿನ ಬುಡದ ಹುಲ್ಲನ್ನು ಸರಿಸಿದಳು. ಸರಳಿಗೂ ಮಣ್ಣಿಗೂ ನಡುವೆ ಒಂದು ಸಂದು, ಶಾಲೆಯ ಕಡೆಗೆ ಮಾತ್ರ. ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದು. ಮಿಲಿಟರಿ ಸರಳನ್ನು ದಿಬ್ಬದ ಮೇಲ್ಗಡೆಗೆ ಎಳೆದು ನೆಟ್ಟಗೆ ಮಾಡಿದಾಗ ಅದು ವಾಲಿ ಮಲಗಿದ್ದ ಜಾಗ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಜಿಗುಟು ಮಣ್ಣು, ಅಚ್ಚು ಹಿಡಿದಿತ್ತು. ಪಕ್ಕದ ಸರಳಿಗೂ ಹಾಗೆಯೇ. ಬೇಲಿಯ ಗೂಟ ಕಿತ್ತ ಗುಳಿಗಳ ನಡುವಿನ ಸರಳುಗಳಿಗೂ ಹಾಗೆಯೇ.

“ಸಿಕ್ತು ಮೇಡಂ!” ಎಂದು ಹುಡುಗಿ ಕುಣಿದಳು. ನಾನೂ ಕುಣಿಯುವವನಿದ್ದೆ.

ಅಕ್ಕ ಮಾತ್ರ ಕೈಕಟ್ಟಿ ನಿಂತಿದ್ದಳು. “ಅಣ್ಣ ಎಳೆದಿದ್ದಕ್ಕೇ ಸಂದು ಬಿಟ್ಟಿರಬಹುದಲ್ಲ? ವಾಲದೇ ಇರೋ ಸರಳನ್ನ ಎಳೆದ್ರೂ ಸಂದು ಬರಬಹುದು.”

ಅವತ್ತು ನನಗೆ ಅವಳ ಬಾಯಿ ಮುಚ್ಚಬೇಕೆನಿಸಿತು. ಗೆದ್ದ ಆಟವನ್ನು ಇವಳೇ ಯಾಕೆ ಕೆಡಿಸುತ್ತಾಳೆ ಎಂದು ಹಲ್ಲು ಕಚ್ಚಿದೆ. ಮಕ್ಕಳಿಗೆ ಹಾಗೇನೂ ಅನಿಸಲಿಲ್ಲ. ಅದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಗುಂಪುಗೂಡಿ ಗುಸುಗುಸು ಮಾಡಿದರು. ಆಮೇಲೆ ಮಿಲಿಟರಿಯನ್ನು ಕೈ ಹಿಡಿದು ಕೆಳಗೆ ಸಮತಟ್ಟಿಗೆ ಕರೆದುಕೊಂಡು ಹೋದರು.

“ನೆನ್ನೆ ಹೇಗೆ ಎಳೆದ್ಯೋ ಹಾಗೇ ಇದನ್ನೂ ಎಳಿ ಅಣ್ಣಾ.”

“ನೆಟ್ಟಗಿರೋದನ್ನ ಸೊಟ್ಟ ಮಾಡಲಾ?” ಅವನಿಗೆ ಪ್ರಾಣಸಂಕಟ. “ಸಾಹೇಬ್ರ ಎದುರಿಗೇ?”

“ಎಳೀರಿ, ಎಳೀರಿ,” ಅಂದರು ಸಾಹೇಬರು. ಅವನು ಅವರಿಗೊಂದು ಸೆಲ್ಯೂಟ್ ಹೊಡೆದು ಎಳೆದ. ಸಂದು ಬಿಟ್ಟಿತು. ಆಡಿನ ಪಾರ್ಟಿ ಚಪ್ಪಾಳೆ ತಟ್ಟಿತು.

ಆಗ ಆಡಣ್ಣ ಗುಂಡು ಇಳಿಬಿಟ್ಟ. ನೋಡಿದ. ಇನ್ನೊಮ್ಮೆ ನೋಡಿದ. ತನ್ನ ಪಾರ್ಟಿಯ ಕಡೆ ತಿರುಗಿ, “ಚಪ್ಪಾಳೆ ನಿಲ್ಸ್ರೋ,” ಅಂದ. “ಇಲ್ಲಿ ಸಂದೂ ಬಂತು, ಸರಳೂ ಸೊಟ್ಟ ಆಯ್ತು. ಮೇಲುಗಡೆ ಸಂದೂ ಇದೆ, ಸರಳು ನೆಟ್ಟಗಿದೆ. ಅಂದ್ರೆ ಎಳೆಯೋದಕ್ಕೆ ಮುಂಚೆ ಅದು ಸೊಟ್ಟ ಇರಲೇಬೇಕು. ಬೇಲಿ ಒಳಗಿಂದೂ ಅಷ್ಟೇ. ನಮ್ಮ ಆಡು ಒಳಗೆ ಹೋಗೋಕಾಗಲ್ಲ. ಗಾಳಿ ಅನ್ನೋಣ ಅಂದ್ರೆ ಇಲ್ಲೂ ಬೀಸುತ್ತೆ.” ಸಾಹೇಬರ ಕಡೆ ತಿರುಗಿದ. “ಆಡಲ್ಲ ಸರ್. ಮಣ್ಣೇ. ನಾನು ಹೇಳಿದ್ದು ತಪ್ಪು.”

ಆ ಕುಳ್ಳನ ಮುಖ ಬಾಡಿರಲಿಲ್ಲ. ತಪ್ಪು ಎಂದು ಹೇಳುವಾಗ ಅವನ ಬೆನ್ನು ಮಿಲಿಟರಿಯ ಸರಳಿಗಿಂತ ನೆಟ್ಟಗಿತ್ತು. ನಾನು ನನ್ನ ಜೀವಮಾನದಲ್ಲಿ ಎಷ್ಟೋ ದೊಡ್ಡ ಮನುಷ್ಯರ ಮನೆಗೆ ಗ್ರಿಲ್ಲು ಹಾಕಿದ್ದೇನೆ. ತನ್ನ ಮಾತು ಸುಳ್ಳಾಯಿತೆಂದು ನಾಲ್ಕು ಜನರ ಮುಂದೆ ತಾನೇ ತೋರಿಸಿಕೊಟ್ಟು ಖುಷಿಪಟ್ಟವರನ್ನು ಕಂಡಿರಲಿಲ್ಲ. ಅಕ್ಕನನ್ನು ನೋಡಿದೆ. ಕಣ್ಣು ತುಂಬಿತ್ತು. ಸೆರಗಿನಿಂದ ಮೂಗೊರೆಸಿಕೊಂಡು ಧೂಳಿನ ಮೇಲೆ ತಪ್ಪು ಹೊರಿಸಿದಳು. ಮಳೆ ಬಿಟ್ಟ ಹಸಿ ನೆಲದಲ್ಲಿ ಧೂಳೆಲ್ಲಿಂದ ಬರಬೇಕು? ನನ್ನ ಎದೆಯೂ ಉಬ್ಬಿ ಅಂಗಿಯ ಗುಂಡಿ ಬಿಗಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಇವಳು ನನ್ನ ಅಕ್ಕ, ಇವು ನನ್ನ ಅಕ್ಕನ ಮಕ್ಕಳು ಎಂದು ದಿಬ್ಬದ ಮೇಲೆ ನಿಂತು ಕೂಗಬೇಕೆನಿಸಿತ್ತು.

ಸಾಹೇಬರು ಆಡಣ್ಣನ ಬೆನ್ನು ತಟ್ಟಿದರು. “ಸರಿ. ಎಷ್ಟು ಜರುಗಿದೆ?”

ಹುಡುಗ ಲಾಯರ್ ಕಡೆ ನೋಡಿದ. ಅವಳು ಸಂದುಗಳೊಳಗೆ ಕಡ್ಡಿ ಇಟ್ಟು ನೋಡಿ ಬಂದಿದ್ದಳು. “ಮಣ್ಣು ಉದುರಿ ಕೆಲವು ಮುಚ್ಚಿವೆ ಸರ್. ಯಾವ ಕಡೆಗೆ ಅಂತ ಹೇಳಬಹುದು, ಎಷ್ಟು ಅಂತ ಹೇಳೋಕಾಗಲ್ಲ.”

ಸಾಹೇಬರು ಅವಳನ್ನೇ ನೋಡಿದರು. ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, “ಮುಂದಿನ ಮಳೆ ಮುಗಿದ ಮೇಲೆ ನಾನು ಬರ್ತೀನಿ. ಎಷ್ಟು ಅಂತ ಆಗ ನನಗೆ ಉತ್ತರ ಬೇಕು. ಅಲ್ಲಿವರೆಗೆ ಈ ಪಿರಿಯಡ್ ಮುಟ್ಟಬೇಡಿ,” ಅಂದರು. ಅಕ್ಕನಿಗೆ ಕೈಮುಗಿದು, “ಬರ್ತೀನಿ ಮೇಡಂ. ಮಾತು ಕೊಟ್ಟಿದ್ದೀನಿ,” ಎಂದು ಕೆಸರು ಬೂಟಿನಲ್ಲೇ ಕಾರು ಹತ್ತಿದರು. ಗೇಟು ಅರ್ಧ ಬೆಸೆದಿತ್ತು. ನಾನೇ ಹೆಗಲು ಕೊಟ್ಟು ಎತ್ತಿ ಹಿಡಿದೆ.

ಮುಂದಿನ ಮಳೆಗೆ ಮಕ್ಕಳು ಮತ್ತೆ ನೆಟ್ಟರು. ಈ ಸಲ ಮಿಲಿಟರಿಯೇ ಕಾವಲು. ಸೊಟ್ಟ ನಿಂತದ್ದನ್ನು ನೋಡಲಾರದೆ ಆ ಕಡೆ ಬೆನ್ನು ಹಾಕಿ ಕುಳಿತಿರುತ್ತಿದ್ದ, ಆದರೆ ಒಂದು ಆಡನ್ನೂ ಒಂದು ಹುಡುಗನನ್ನೂ ಹತ್ತಿರ ಬಿಡಲಿಲ್ಲ. ಮಳೆ ನಿಂತ ಮೇಲೆ ಅಳೆದರು. ‘ಎಷ್ಟು’ ಎಂಬುದಕ್ಕೆ ಉತ್ತರ ಬಂತು. ಅದನ್ನು ನೋಡಿಯೇ ದಿಬ್ಬದ ಬುಡದ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದನ್ನು ಬಿಟ್ಟು ಅಲ್ಲಿ ಮುರಿದ ಬೆಂಚುಗಳನ್ನು ತುಂಬಿದರು. ಸಾಹೇಬರು ಮಾತ್ರ ಬರಲಿಲ್ಲ. ಬೇರೆ ಕಡೆಗೆ ವರ್ಗವಾಯಿತಂತೆ. ಅಕ್ಕ ವಿಳಾಸ ಹುಡುಕಿ ಹೇಳಿ ಕಳಿಸಿದಳು. “ಬಂದೇ ಬರ್ತೀನಿ, ನನ್ನ ಉತ್ತರ ನನಗೆ ಇಟ್ಟಿರಿ,” ಎಂದು ಮಾತು ಬಂತು. ಅವರು ಬರಲಿಲ್ಲ.

‘ನಾನು ಬರುವವರೆಗೆ ಮುಟ್ಟಬೇಡಿ’ ಎಂದವರು ಬಾರದೇ ಇರುವುದರಿಂದ ಪಿರಿಯಡ್ಡನ್ನು ಇವತ್ತಿನವರೆಗೂ ಯಾರೂ ಮುಟ್ಟಿಲ್ಲ. ಆ ಪ್ರಿನ್ಸಿಪಾಲರು ಹೋದರು, ಹೊಸಬರು ಬಂದರು. ಅವರಿಗೂ ಅಕ್ಕ ಅದೇ ಮಾತು ಹೇಳಿದಳು: “ಸಾಹೇಬರಿಗೆ ಒಂದು ಉತ್ತರ ಬಾಕಿ ಇದೆ ಸರ್, ಕೊಟ್ಟ ಮೇಲೆ ನೋಡೋಣ.” ಲಾಯರ್ ಹುಡುಗಿ ಈಗ ಬೇರೊಂದು ಶಾಲೆಯಲ್ಲಿ ಅಕ್ಕನ ಪಾಠವನ್ನೇ ಮಾಡುತ್ತಾಳೆ. ಆಡಣ್ಣ ಬಾವಿ ತೋಡುವ ಯಂತ್ರದ ಮೇಲಿದ್ದಾನೆ. ಪ್ರತಿ ಮಳೆಯ ನಂತರ ಹೊಸ ಮಕ್ಕಳು ದಿಬ್ಬ ಹತ್ತಿ ಅಳೆಯುತ್ತಾರೆ, ಪ್ರತಿ ವರ್ಷದ ಉತ್ತರವೂ ಸಿದ್ಧವಾಗುತ್ತದೆ. ಸಾಹೇಬರು ಕೆಲಸದಿಂದ ನಿವೃತ್ತರಾದರೆಂದು ಭಾವ ಬಸ್ಸಿನಲ್ಲಿ ಯಾರಿಂದಲೋ ಕೇಳಿಕೊಂಡು ಬಂದರು. ಎಲ್ಲಿದ್ದಾರೋ ತಿಳಿಯದು. ಕೇಳಿದ್ದು ಅವರು. ಕೊಡಬೇಕಾದವರು ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾರೆ. ಬಂದು ಇಸಿದುಕೊಂಡು ಹೋಗುವ ಸಾಲ ಇನ್ನೂ ಅವರ ಮೇಲೇ ಇದೆ.